ಬೋರ್ಡಿನ ಮೇಲಿರುವ ಮೊಬೈಲ್ ನಂಬರೇ ವೈಫೈ ಪಾಸ್‌ವರ್ಡ್

ಬಳ್ಳಾರಿ ಕಡೆ ಮನೆಗೆ ಫೈಬರ್ ಹಾಕಲು ಬರುವ ಹುಡುಗರದು ಒಂದು ರೂಢಿ. “ಅಣ್ಣಾರ, ನಿಮ್ಮ ಮೊಬೈಲ್ ನಂಬರ್ ಹೇಳ್ರಿ, ಅದನ್ನ ಪಾಸ್‌ವರ್ಡ್ ಇಟ್ಟಬಿಡ್ತೀನಿ, ಮರೆಯಂಗಿಲ್ಲ.” ಮರೆಯುವುದಿಲ್ಲ, ನಿಜ. ಆದರೆ ಅದೇ ನಂಬರು ಅಂಗಡಿ ಬೋರ್ಡಿನಲ್ಲೂ ಜೀನ್ಸ್ ಯೂನಿಟ್ಟಿನ ಬಿಲ್‌ಬುಕ್ಕಿನಲ್ಲೂ ಇರುತ್ತದೆ. ನಂಬರು ಗೊತ್ತಿಲ್ಲದವನಿಗೂ ಕಷ್ಟವೇನಿಲ್ಲ. ನಮ್ಮ ಮೊಬೈಲ್ ನಂಬರು 6, 7, 8 ಅಥವಾ 9ರಿಂದ ಶುರುವಾಗುವ ಹತ್ತು ಅಂಕಿ. ಒಟ್ಟು ಸಾಧ್ಯತೆ 400 ಕೋಟಿ. ಫೋನು ವೈಫೈಗೆ ಸೇರುವಾಗ ಅದಕ್ಕೂ ರೌಟರಿಗೂ ನಡುವೆ ನಡೆಯುವ ಗುರುತು ಪರೀಕ್ಷೆಯ ಸಂದೇಶಗಳನ್ನು, ಅಂದರೆ ಹ್ಯಾಂಡ್‌ಶೇಕನ್ನು ಪಕ್ಕದ ಮಾಳಿಗೆ ಮೇಲೆ ಕುಳಿತು ಒಮ್ಮೆ ಹಿಡಿದುಕೊಂಡರೆ ಸಾಕು, ಬೇರೆಲ್ಲೋ ಕುಳಿತು ಒಂದೊಂದೇ ನಂಬರನ್ನು ಅದಕ್ಕೆ ಹೊಂದಿಸಿ ನೋಡಬಹುದು. ಸೆಕೆಂಡಿಗೆ ಹತ್ತು ಲಕ್ಷ ಪಾಸ್‌ವರ್ಡ್ ಪರೀಕ್ಷಿಸುವ ಗ್ರಾಫಿಕ್ಸ್ ಕಾರ್ಡಿಗೆ 400 ಕೋಟಿ ಎಂದರೆ 4,000 ಸೆಕೆಂಡು. ಒಂದು ಗಂಟೆ ಏಳು ನಿಮಿಷದ ಕೆಲಸ.

ರೌಟರಿಗೆ ಪಾಸ್‌ವರ್ಡ್ ಎರಡು. ವೈಫೈ ಪಾಸ್‌ವರ್ಡ್ ಮನೆಯ ನೆಟ್‌ವರ್ಕಿನೊಳಗೆ ಬಿಡುತ್ತದೆ. ಅಡ್ಮಿನ್ ಪಾಸ್‌ವರ್ಡ್ ರೌಟರಿನ ಸೆಟ್ಟಿಂಗನ್ನೇ ತೆರೆಯುತ್ತದೆ. ಎರಡನೆಯದನ್ನು ಯಾರೂ ಮುಟ್ಟುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದು ಇನ್ನೂ ‘ಅಡ್ಮಿನ್’, ‘ಅಡ್ಮಿನ್’. ವೈಫೈ ಸಿಕ್ಕವನಿಗೆ ಇದೂ ಸಿಕ್ಕರೆ, ವೆಬ್‌ಸೈಟಿನ ಹೆಸರಿಗೆ ಸರಿಯಾದ ಕಂಪ್ಯೂಟರ್ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬದಲಿಸಬಲ್ಲ. ಆಗ ನೀವು ಬ್ಯಾಂಕಿನ ವಿಳಾಸ ಸರಿಯಾಗಿಯೇ ಟೈಪಿಸಿದರೂ ತೆರೆದುಕೊಳ್ಳುವುದು ಬೇರೆಯವರ ಪುಟ. ಬ್ರೌಸರ್ ಕೊಡುವ ಸರ್ಟಿಫಿಕೇಟ್ ಎಚ್ಚರಿಕೆಯೊಂದೇ ಅಲ್ಲಿ ಸುಳಿವು, ಅದನ್ನು ಓದದೆ ಮುಂದೆ ಒತ್ತುವವರೇ ಹೆಚ್ಚು.

ರೌಟರಿನ ಸೆಟ್ಟಿಂಗ್ ಪುಟಕ್ಕೆ ಲಾಗಿನ್ ಆಗಲು ಲ್ಯಾಪ್‌ಟಾಪನ್ನು ರೌಟರಿನ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ ಜೋಡಿಸುವುದು ಒಳ್ಳೆಯದು. ವೈಫೈ ಮೇಲೆಯೇ ಕುಳಿತು ವೈಫೈ ಪಾಸ್‌ವರ್ಡ್ ಬದಲಿಸಿದರೆ ಅರ್ಧಕ್ಕೇ ಹೊರಬೀಳುತ್ತೀರಿ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಜಿಯೋ ಫೈಬರಿನಲ್ಲಿ 192.168.29.1. ಊಹಿಸುವ ಬದಲು ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ‘ಐಪಿಕಾನ್ಫಿಗ್’ (ipconfig) ಕೊಟ್ಟು ಡೀಫಾಲ್ಟ್ ಗೇಟ್‌ವೇ ಎದುರಿನ ಸಂಖ್ಯೆ ನೋಡಿ. ಫೋನಿನಲ್ಲಾದರೆ ವೈಫೈ ವಿವರದಲ್ಲಿ ಗೇಟ್‌ವೇ ಅಥವಾ ರೌಟರ್ ಎಂದಿರುತ್ತದೆ.

ಪುಟ ತೆರೆಯದಿದ್ದರೆ ಕಾರಣ ಬಹುತೇಕ ಚಿಕ್ಕದು. ವಿಳಾಸವನ್ನು ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಬರೆಯದೆ ಗೂಗಲ್ ಹುಡುಕುವ ಜಾಗದಲ್ಲಿ ಬರೆದಿರುತ್ತಾರೆ, ಇಲ್ಲವೇ ಫೋನಿನ ಮೊಬೈಲ್ ಡೇಟಾ ಆನ್ ಇರುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ಡಬ್ಬಿಯ ಕೆಳಗಿನ ಸ್ಟಿಕ್ಕರಿನಲ್ಲಿರುತ್ತವೆ. ಅವು ನಡೆಯದಿದ್ದರೆ ಆಪರೇಟರ್ ಬದಲಿಸಿರಬೇಕು, ಕೇಳಿ ಪಡೆಯಿರಿ. ನಾಲ್ಕೈದು ಸಲ ತಪ್ಪು ಹೊಡೆದರೆ ಕೆಲವು ರೌಟರ್ ಸ್ವಲ್ಪ ಹೊತ್ತು ಲಾಕ್ ಆಗುತ್ತವೆ.

ಇಲ್ಲೇ ಬಹಳ ಮಂದಿ ಮುಗ್ಗರಿಸುವುದು: ಪಾಸ್‌ವರ್ಡ್ ಸಿಗಲಿಲ್ಲವೆಂದು ಪಿನ್ನು ಚುಚ್ಚಿ ಹತ್ತು ಸೆಕೆಂಡು ರೀಸೆಟ್ ಒತ್ತುತ್ತಾರೆ. ಅಡ್ಮಿನ್ ಪಾಸ್‌ವರ್ಡೇನೋ ಹಳೆಯದಕ್ಕೆ ಮರಳುತ್ತದೆ, ಜೊತೆಗೆ ಆಪರೇಟರ್ ತುಂಬಿದ್ದ ಪಿಪಿಪಿಒಇ (ಅವರ ಜಾಲಕ್ಕೆ ರೌಟರ್ ಲಾಗಿನ್ ಆಗುವ ವಿಧಾನ) ಯೂಸರ್ ಐಡಿ, ಪಾಸ್‌ವರ್ಡ್, ಅವರ ಜಾಲದಲ್ಲಿ ಇಂಟರ್ನೆಟ್ ಸಂಚಾರಕ್ಕೆ ಗುರುತಾಗಿರುವ ವಿಲ್ಯಾನ್ ಸಂಖ್ಯೆಯೂ ಅಳಿಸಿಹೋಗುತ್ತವೆ. ಪವರ್ ದೀಪ ಹಸಿರಿರುತ್ತದೆ, ನೆಟ್ ಮಾತ್ರ ಬರುವುದಿಲ್ಲ. ಭಾನುವಾರ ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಲೈನ್‌ಮನ್ ಸಿಗುವುದು ಅಷ್ಟರಲ್ಲೇ ಇದೆ. ಲಾಗಿನ್ ಆದ ಕೂಡಲೇ ವ್ಯಾನ್ (WAN, ಇಂಟರ್ನೆಟ್ ಕಡೆಯ ಸೆಟ್ಟಿಂಗ್) ಪುಟದ ಫೋಟೊ ತೆಗೆದಿಡಿ. ಪಿಪಿಪಿಒಇ ಪಾಸ್‌ವರ್ಡ್ ಅಲ್ಲಿ ಚುಕ್ಕಿಗಳಾಗಿಯೇ ಕಾಣುವುದರಿಂದ ಅದನ್ನು ಆಪರೇಟರಿಂದ ಕೇಳಿ ಬರೆದುಕೊಳ್ಳಿ. ಅಂದಹಾಗೆ ‘ಲಾಸ್’ (LOS) ದೀಪ ಕೆಂಪಾಗಿದ್ದರೆ ಸಮಸ್ಯೆ ಫೈಬರ್ ತಂತಿಯದು, ರೀಸೆಟ್ ಅದಕ್ಕೆ ಮದ್ದಲ್ಲ.

ಒಳಹೊಕ್ಕ ಮೇಲೆ ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಬಿಯ ಮೇಲಲ್ಲ, ಮನೆಯ ಡೈರಿಯಲ್ಲಿ ಬರೆದಿಡಿ. ನಂತರ ವೈಫೈ. ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದರೆ ಬಾಯಲ್ಲಿ ಹೇಳಲೂ ಸುಲಭ, ಒಡೆಯಲೂ ಕಷ್ಟ. ಸೆಕ್ಯುರಿಟಿಯಲ್ಲಿ, ಅಂದರೆ ವೈಫೈ ಮಾಹಿತಿಯನ್ನು ಗೂಢಲಿಪಿಯಾಗಿಸುವ ವಿಧಾನದಲ್ಲಿ, ಡಬ್ಲ್ಯುಪಿಎ2 ಎಇಎಸ್, ಇಲ್ಲವೇ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರ ಆರಿಸಿ. ಬರೀ ಡಬ್ಲ್ಯುಪಿಎ3 ಇಟ್ಟರೆ ಹಳೆಯ ಪ್ರಿಂಟರ್, ಸಿಸಿಟಿವಿ ಕ್ಯಾಮೆರಾ ಸೇರುವುದಿಲ್ಲ. ಪಾಸ್‌ವರ್ಡ್ ಬದಲಾದಾಗ ಟಿವಿ, ಕ್ಯಾಮೆರಾ, ಪ್ರಿಂಟರ್ ಎಲ್ಲಕ್ಕೂ ಮತ್ತೆ ಹಾಕಬೇಕು, ಬಿಡುವಿರುವ ದಿನ ಕೈಹಾಕಿ.

ಪಾಸ್‌ವರ್ಡ್ ಇಲ್ಲದೆ ಗುಂಡಿ ಒತ್ತಿ ಇಲ್ಲವೇ ಪಿನ್ ಕೊಟ್ಟು ಸೇರಿಸಿಕೊಳ್ಳುವ ಡಬ್ಲ್ಯುಪಿಎಸ್ ಆಫ್ ಮಾಡಿ. ಅದರ ಪಿನ್ ಎಂಟು ಅಂಕಿಯದಾದರೂ ರೌಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ, ಕೊನೆಯ ಅಂಕಿಯೂ ಉಳಿದ ಅಂಕಿಗಳಿಂದಲೇ ಲೆಕ್ಕಕ್ಕೆ ಸಿಗುತ್ತದೆ. ಹೀಗಾಗಿ 11,000 ಪ್ರಯತ್ನದೊಳಗೆ ಪಿನ್ ಸಿಕ್ಕಿಬಿಡುತ್ತದೆ. 2011ರಲ್ಲೇ ಬಯಲಾದ ದೋಷವಿದು. ವೈಫೈ ಹೆಸರು ಮರೆಮಾಡುವುದು, ಮ್ಯಾಕ್ ವಿಳಾಸ (ಪ್ರತಿ ಸಾಧನದ ನೆಟ್‌ವರ್ಕ್ ಗುರುತು ಸಂಖ್ಯೆ) ನೋಡಿ ಒಳಬಿಡುವ ಮ್ಯಾಕ್ ಫಿಲ್ಟರ್ ಇವೆಲ್ಲ ಹೆಚ್ಚು ಪ್ರಯೋಜನವಿಲ್ಲದ ಕಸರತ್ತು. ಮ್ಯಾಕ್ ವಿಳಾಸವನ್ನು ನಕಲು ಮಾಡಬಹುದು. ಆಂಡ್ರಾಯ್ಡ್ 10ರಿಂದೀಚಿನ ಫೋನುಗಳು ತಾವೇ ಬೇರೆ ಮ್ಯಾಕ್ ತೋರಿಸುತ್ತವೆ. ಬಾಡಿಗೆಯವರಿಗೆ, ಬಂದವರಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿಕೊಡಿ. ಅವರ ಫೋನಿನಿಂದ ಏನಾದರೂ ವಂಚನೆ ನಡೆದರೆ ಐಪಿ ವಿಳಾಸ ಹಿಡಿದು ಪೊಲೀಸರು ಮೊದಲು ಬರುವುದು ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೊರಗಿನ ಇಂಟರ್ನೆಟ್ಟಿನಿಂದ ರೌಟರ್ ಸೆಟ್ಟಿಂಗ್ ತೆರೆಯಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಇರಲಿ. ಹೊರಗಿನಿಂದ ಒಳಗಿನ ಸಾಧನಕ್ಕೆ ದಾರಿ ತೆರೆಯುವ ಪೋರ್ಟ್ ಫಾರ್ವರ್ಡಿಂಗ್ ಪುಟವನ್ನೂ ತೆರೆದು ನೋಡಿ: ಅಂಗಡಿಯ ಕ್ಯಾಮೆರಾ ಮೊಬೈಲಿನಲ್ಲಿ ಕಾಣಲೆಂದು ಅಳವಡಿಸಿದವರು ಡಿವಿಆರಿಗೆ (ಕ್ಯಾಮೆರಾ ದೃಶ್ಯ ದಾಖಲಿಸುವ ಡಬ್ಬಿ) ಪೋರ್ಟ್ ತೆರೆದಿಟ್ಟು, ಡಿವಿಆರ್ ಪಾಸ್‌ವರ್ಡನ್ನು ಕಂಪನಿ ಕೊಟ್ಟದ್ದೇ ಬಿಟ್ಟಿರುತ್ತಾರೆ. 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶ ಹರಡಿದ್ದು ಇಂಥ ಡಿವಿಆರ್, ಕ್ಯಾಮೆರಾ, ರೌಟರುಗಳ ಮೇಲೆಯೇ. ಅದರ ಬಳಿ ಇದ್ದದ್ದು ಅರವತ್ತರಷ್ಟು ಡೀಫಾಲ್ಟ್ ಪಾಸ್‌ವರ್ಡುಗಳ ಪಟ್ಟಿ ಮಾತ್ರ.

ಕೊನೆಗೆ ರೌಟರಿನೊಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ರೌಟರ್ ಸತ್ತೇಹೋಗಬಹುದು. ಇನ್ವರ್ಟರ್ ಪಾಯಿಂಟಿಗೆ ಹಾಕಿ, ಫೈಬರ್ ಡಬ್ಬಿಯೂ ರೌಟರೂ ಬೇರೆಬೇರೆ ಇದ್ದರೆ ಎರಡನ್ನೂ ಹಾಕಿ, ಮುಂಜಾನೆ ತಂಪಿನಲ್ಲಿ ಮಾಡಿ. ಹೆಚ್ಚಿನ ಮನೆ ರೌಟರುಗಳ ತಾಪಮಿತಿ 40 ಡಿಗ್ರಿ. ರಾಯಚೂರಿನ ಮೇ ಮಧ್ಯಾಹ್ನ ಆ ಗೆರೆ ದಾಟಿಯೇ ಇರುತ್ತದೆ. ಆಪರೇಟರ್ ಕೊಟ್ಟ ಡಬ್ಬಿಯಾದರೆ ಫರ್ಮ್‌ವೇರ್ ಅವರೇ ದೂರದಿಂದ ಹಾಕುತ್ತಾರೆ, ನೀವು ಎಲ್ಲಿಂದಲೋ ಇಳಿಸಿಕೊಂಡ ಫೈಲನ್ನು ಅದಕ್ಕೆ ತುಂಬಬೇಡಿ.