ಒಂದು ಜಾಗ, ನಲವತ್ತೆರಡು ಮಂದಿ: ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಕ್ವಾರ್ಟರ್‌ಬ್ಯಾಕ್ ಹುಡುಕಾಟ

ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ, ಒಂದು ಜಾಹೀರಾತು ಸಂಸ್ಥೆಯ ಕಿಟಕಿಯಲ್ಲಿ ಕೆಲವು ವರ್ಷಗಳ ಕಾಲ ಫುಟ್‌ಬಾಲ್ ಜೆರ್ಸಿಯೊಂದು ತೂಗುತ್ತಿತ್ತು. ಸಂಖ್ಯೆ 2, ಬೆನ್ನ ಮೇಲೆ ‘ಕೌಚ್’ ಎಂಬ ಹೆಸರು. ಅದರ ಕೆಳಗೆ ಅಂಟುಪಟ್ಟಿಯಲ್ಲಿ ಬರೆದ ಇನ್ನೊಂದು ಹೆಸರು, ಅದರ ಕೆಳಗೆ ಮತ್ತೊಂದು. ಊರಿನ ತಂಡ ಕ್ವಾರ್ಟರ್‌ಬ್ಯಾಕ್ ಬದಲಿಸಿದಾಗಲೆಲ್ಲ ಒಂದು ಪಟ್ಟಿ ಹೆಚ್ಚುತ್ತಿತ್ತು. ಕೊನೆಗೆ ಹೆಸರುಗಳ ಸಾಲು ಅಂಗಿಯ ಅಂಚು ಮುಟ್ಟಿತು. ಬ್ರೌನ್ಸ್ ತಂಡದ ಅಭಿಮಾನಿಗಳ ಹಾಸ್ಯ ಇಂಥದ್ದು: ನಗುವುದಕ್ಕೆ ಮೊದಲು ಸ್ವಲ್ಪ ಅಳಬೇಕು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿಯ ಬಹುತೇಕ ಪ್ರತಿ ನಡೆಯೂ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದಲೇ ಶುರುವಾಗುತ್ತದೆ. ಚೆಂಡು ಕೈಗೆ ಬಂದ ಮೇಲೆ ಎಸೆಯಬೇಕೇ, ಓಡಬೇಕೇ, ಇನ್ನೊಬ್ಬನಿಗೆ ಕೊಡಬೇಕೇ ಎಂದು ನಿರ್ಧರಿಸಲು ಅವನಿಗೆ ಸಿಗುವುದು ಎರಡು ಮೂರು ಸೆಕೆಂಡು. ಅವನನ್ನು ಕೆಡವಲು ನೂರಿಪ್ಪತ್ತು, ನೂರೈವತ್ತು ಕಿಲೋ ತೂಕದವರು ನುಗ್ಗಿ ಬರುತ್ತಿರುತ್ತಾರೆ. ಅವರನ್ನು ತಡೆಯುವುದು ಐವರ ರಕ್ಷಣಾ ಸಾಲು. ಬ್ರೌನ್ಸ್ ಆಡುವ ಎನ್‌ಎಫ್‌ಎಲ್ ಲೀಗ್‌ನಲ್ಲಿ 32 ತಂಡಗಳಿವೆ, ಈ ಕೆಲಸ ನಿಜವಾಗಿ ಬಲ್ಲವರು ಅಷ್ಟು ಮಂದಿ ಇಲ್ಲ. ಹೊಸಬರನ್ನು ಪಡೆಯುವ ಮುಖ್ಯ ದಾರಿ ವಾರ್ಷಿಕ ಡ್ರಾಫ್ಟ್. ಐಪಿಎಲ್ ಹರಾಜಿನಂತೆ ಇಲ್ಲಿ ಹಣ ಕೂಗುವಂತಿಲ್ಲ. ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಕಾಲೇಜು ಆಟಗಾರರಲ್ಲಿ ಮೊದಲ ಆಯ್ಕೆ, ಚಾಂಪಿಯನ್ನರಿಗೆ ಕೊನೆಯದು. ಹೀಗೆ ಏಳು ಸುತ್ತು. ಆಯ್ಕೆಯ ಹಕ್ಕನ್ನೇ ತಂಡಗಳು ಪರಸ್ಪರ ವಿನಿಮಯ ಮಾಡಿಕೊಳ್ಳಬಹುದು. ಕ್ಲೀವ್‌ಲ್ಯಾಂಡ್‌ನ ಜಗಳಗಳೆಲ್ಲ ಹುಟ್ಟುವುದು ಈ ಕೊನೆಯ ನಿಯಮದಿಂದ.

ಜಗಳದಲ್ಲಿ ಮುಖ್ಯವಾಗಿ ಮೂರು ಪಕ್ಷ. ಎಷ್ಟು ಸೋತರೂ ಸರಿ, ಡ್ರಾಫ್ಟ್‌ನ ಮೊದಲ ಸರದಿಗಳಲ್ಲೇ ಹುಡುಗನೊಬ್ಬನನ್ನು ಹಿಡಿಯಿರಿ ಎನ್ನುವವರು ಮೊದಲನೆಯವರು. ಹುಡುಗರ ಸಹವಾಸ ಸಾಕು, ಬೇರೆಡೆ ಆಡಿ ತೋರಿಸಿದವನನ್ನು ತನ್ನಿ ಎನ್ನುವವರು ಇನ್ನು ಕೆಲವರು. ಮೂರನೆಯವರ ದನಿ ಸಣ್ಣದು: ಮೊದಲು ರಕ್ಷಣಾ ಸಾಲು ಕಟ್ಟಿ, ಆಮೇಲೆ ಯಾರನ್ನಾದರೂ ನಿಲ್ಲಿಸಿ. ಮೂರಕ್ಕೂ ಇದೇ ಊರಿನ ಇತಿಹಾಸದಲ್ಲಿ ಸಾಕ್ಷಿ ಸಿಗುತ್ತದೆ ಎಂಬುದೇ ತೊಡಕು.

ಈ ತಂಡಕ್ಕೆ ಬಡತನ ಹುಟ್ಟಿನಿಂದ ಬಂದದ್ದಲ್ಲ. 1946ರಿಂದ 1955ರವರೆಗೆ ಆಟೋ ಗ್ರಹಾಂ ಕ್ವಾರ್ಟರ್‌ಬ್ಯಾಕ್ ಆಗಿದ್ದ ಹತ್ತೂ ವರ್ಷ ಬ್ರೌನ್ಸ್ ಪ್ರಶಸ್ತಿ ಪಂದ್ಯ ತಲುಪಿತು, ಏಳು ಬಾರಿ ಗೆದ್ದಿತು. 1964ರಲ್ಲಿ ಫ್ರಾಂಕ್ ರಯಾನ್ ಕಾಲದಲ್ಲಿ ಇನ್ನೊಂದು ಪ್ರಶಸ್ತಿ ಬಂತು. ಅದೇ ಕೊನೆಯದು. ಆಮೇಲೆ ಊರು ಮನಸಾರೆ ಪ್ರೀತಿಸಿದ್ದು ಬರ್ನಿ ಕೋಸರ್ ಅವರನ್ನು. ಒಹಾಯೋದ ಹುಡುಗ, ಮಯಾಮಿ ವಿಶ್ವವಿದ್ಯಾಲಯದಲ್ಲಿ ಆಡಿದವರು, ತವರಿನ ತಂಡವೇ ಬೇಕೆಂದು ಬಯಸಿದವರು. 1985ರ ಮುಖ್ಯ ಡ್ರಾಫ್ಟ್‌ಗೆ ಹೆಸರು ಕೊಟ್ಟಿದ್ದರೆ ಮಿನ್ನೆಸೋಟ ಎಳೆದುಕೊಳ್ಳುತ್ತಿತ್ತು. ಅವರು ಹೆಸರು ಕೊಡಲಿಲ್ಲ, ಓದು ಬೇಗ ಮುಗಿಸಿ, ಮುಖ್ಯ ಡ್ರಾಫ್ಟ್ ಆದ ಮೇಲೆ ನಡೆಯುವ ಪೂರಕ ಡ್ರಾಫ್ಟ್‌ಗೆ ಕಾದರು. ಅಲ್ಲಿನ ಮೊದಲ ಸರದಿಯನ್ನು ಬ್ರೌನ್ಸ್ ಬಫಲೋ ತಂಡದಿಂದ ಮೊದಲೇ ಕೊಂಡಿಟ್ಟುಕೊಂಡಿತ್ತು. ಕ್ಲೀವ್‌ಲ್ಯಾಂಡ್‌ಗೆ ಬರಲೆಂದು ಒಬ್ಬ ಆಟಗಾರ ನಿಯಮದ ಸಂದಿಯಲ್ಲಿ ನುಸುಳಿ ಬಂದದ್ದು! ಇಂದಿನ ಅಭಿಮಾನಿಗೆ ಇದು ಪುರಾಣದಂತೆ ಕೇಳಿಸುತ್ತದೆ. ಕೋಸರ್ ಮುಂದಾಳತ್ವದಲ್ಲಿ ತಂಡ ಮೂರು ಬಾರಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನ ಹೊಸ್ತಿಲಿಗೆ ಹೋಗಿ, ಮೂರೂ ಸಲ ಡೆನ್ವರ್‌ಗೆ ಸೋತಿತು.

1993ರ ನವೆಂಬರ್‌ನಲ್ಲಿ ಕೋಚ್ ಬಿಲ್ ಬೆಲಿಚಿಕ್, ಸಾಮರ್ಥ್ಯ ಕುಗ್ಗಿದೆ ಎಂಬ ಕಾರಣ ಕೊಟ್ಟು ಕೋಸರ್ ಅವರನ್ನು ಋತುವಿನ ನಡುವೆಯೇ ಕೈಬಿಟ್ಟರು. ಎರಡು ವರ್ಷಕ್ಕೆ ಮಾಲೀಕ ಆರ್ಟ್ ಮೊಡೆಲ್ ತಂಡವನ್ನೇ ಬಾಲ್ಟಿಮೋರ್‌ಗೆ ಸಾಗಿಸುವುದಾಗಿ ಘೋಷಿಸಿದರು. ಹೆಸರು, ಬಣ್ಣ, ದಾಖಲೆಗಳನ್ನು ಮಾತ್ರ ನಗರ ಹೋರಾಡಿ ಉಳಿಸಿಕೊಂಡಿತು. ಮೂರು ವರ್ಷ ಖಾಲಿ. 1999ರಲ್ಲಿ ಹೊಸ ಬ್ರೌನ್ಸ್ ಹುಟ್ಟಿದಾಗ ಮೈದಾನದಿಂದ ಮಂಡಳಿಯವರೆಗೆ ಎಲ್ಲವೂ ಶೂನ್ಯದಿಂದ ಶುರು. ಮೊದಲ ಆಯ್ಕೆಯಲ್ಲಿ ಬಂದವರೇ ಟಿಮ್ ಕೌಚ್.

ಕೌಚ್ ಮೊದಲ ವರ್ಷವೇ 56 ಬಾರಿ ನೆಲಕ್ಕೆ ಬಿದ್ದರು. ಆ ವರ್ಷ ಲೀಗ್‌ನಲ್ಲೇ ಅದು ಅತಿ ಹೆಚ್ಚು. ಅವರ ಮುಂದಿದ್ದ ಸಾಲು ಬೇರೆ ತಂಡಗಳು ಬಿಟ್ಟುಕೊಟ್ಟವರಿಂದ ಜೋಡಿಸಿದ್ದು. ಅವರ ಪ್ರತಿಭೆ ಎಷ್ಟಿತ್ತು ಎಂದು ತೀರ್ಮಾನಿಸಲು ಬೇಕಾದ ಪುರಾವೆಯೇ ಹುಟ್ಟಲಿಲ್ಲ ಎಂದು ನನಗನ್ನಿಸುತ್ತದೆ. 2002ರಲ್ಲಿ ತಂಡ ಪ್ಲೇಆಫ್ ತಲುಪಿದಾಗ ಕೌಚ್ ಕಾಲು ಮುರಿದುಕೊಂಡಿದ್ದರು. ಬದಲಿ ಕೆಲ್ಲಿ ಹಾಲ್ಕಂ 429 ಗಜ ಎಸೆದರೂ ಪಿಟ್ಸ್‌ಬರ್ಗ್ ವಿರುದ್ಧ 36-33ರಲ್ಲಿ ಸೋಲು. ಮರುವರ್ಷ ಕೌಚೋ ಹಾಲ್ಕಮ್ಮೋ ಎಂಬ ಜಗಳದಲ್ಲಿ ಇಬ್ಬರೂ ಸವೆದರು. ಈ ನಡುವೆ 2000ನೇ ಇಸವಿಯ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ, 183ನೇ ಆಯ್ಕೆಯಾಗಿ ಬ್ರೌನ್ಸ್ ಸ್ಪರ್ಗನ್ ವಿನ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿತ್ತು. ಅದಾದ ಹದಿನಾರನೇ ಹೆಸರು, ಮುಂದೆ ಆಟದ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್ ಎನಿಸಿಕೊಂಡ ಟಾಮ್ ಬ್ರೇಡಿ. ಆದರೂ ಬ್ರೇಡಿಯನ್ನು ಎಲ್ಲ ತಂಡಗಳೂ ಮತ್ತೆ ಮತ್ತೆ ಬಿಟ್ಟವು. ಅದಕ್ಕಾಗಿ ಕ್ಲೀವ್‌ಲ್ಯಾಂಡನ್ನು ಮಾತ್ರ ಬಯ್ಯುವುದು ನ್ಯಾಯವಲ್ಲ.

ನಿಜವಾಗಿ ಬಯ್ಯಬಹುದಾದ ವರ್ಷ 2004. ಒಹಾಯೋದಲ್ಲೇ ಬೆಳೆದು ಅಲ್ಲೇ ಕಾಲೇಜು ಆಡಿದ ಬೆನ್ ರಾಥ್ಲಿಸ್‌ಬರ್ಗರ್ ಕಣ್ಣೆದುರಿಗಿದ್ದರು. ಒಂದು ಮೆಟ್ಟಿಲು ಮೇಲೇರಲು ಎರಡನೇ ಸುತ್ತಿನ ಆಯ್ಕೆಯನ್ನೂ ತೆತ್ತು ಬ್ರೌನ್ಸ್ ಆರಿಸಿದ್ದು ಟೈಟ್ ಎಂಡ್ (ಎದುರಾಳಿಗಳನ್ನು ತಡೆಯುವ, ಎಸೆದ ಚೆಂಡನ್ನೂ ಹಿಡಿಯುವ ಆಟಗಾರ) ಕೆಲೆನ್ ವಿನ್ಸ್‌ಲೋ ಅವರನ್ನು. ರಾಥ್ಲಿಸ್‌ಬರ್ಗರ್ 11ನೇ ಆಯ್ಕೆಯಾಗಿ ಬದ್ಧವೈರಿ ಪಿಟ್ಸ್‌ಬರ್ಗ್ ಸೇರಿ ಎರಡು ಸೂಪರ್ ಬೌಲ್ ಗೆದ್ದರು. ಅಷ್ಟು ಸಾಲದೆಂಬಂತೆ, ಕ್ಲೀವ್‌ಲ್ಯಾಂಡ್‌ನ ಹೊಸ ಕ್ರೀಡಾಂಗಣದಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದ ಕ್ವಾರ್ಟರ್‌ಬ್ಯಾಕ್ ಎಂಬ ಹೆಸರೂ ಅನೇಕ ವರ್ಷ ಅವರದೇ ಆಗಿತ್ತು, ಆತಿಥೇಯರ ಯಾವ ಆಟಗಾರನದೂ ಅಲ್ಲ.

ಆಮೇಲಿನ ದಶಕವನ್ನು ಬೇಗ ದಾಟೋಣ. ಜೆಫ್ ಗಾರ್ಸಿಯಾ, ಟ್ರೆಂಟ್ ಡಿಲ್ಫರ್ ಎಂಬ ಅನುಭವಿಗಳು ಬಂದು ಹೋದರು. 2007ರಲ್ಲಿ ಚಾರ್ಲಿ ಫ್ರೈ ಅವರನ್ನು ಋತುವಿನ ಮೊದಲ ಪಂದ್ಯದಲ್ಲಿ ಇಳಿಸಿ, ಎರಡೇ ದಿನಕ್ಕೆ ಸಿಯಾಟಲ್‌ಗೆ ಸಾಗಹಾಕಿದರು. ಬದಲಿಗೆ ಬಂದ ಡೆರೆಕ್ ಆಂಡರ್ಸನ್ ಮುಂದಿನ ಪಂದ್ಯದಲ್ಲೇ ಐದು ಟಚ್‌ಡೌನ್ ಎಸೆದು, ಆ ವರ್ಷ ತಂಡಕ್ಕೆ ಹತ್ತು ಗೆಲುವು ತಂದರು, ಮರುವರ್ಷ ಮಂಕಾದರು. ಮೂಢನಂಬಿಕೆಯವರಿಗೆ ಈ ಕಾಲದ ಇನ್ನೊಂದು ಸಂಖ್ಯೆ ಪ್ರಿಯ: 22. ಬ್ರೇಡಿ ಕ್ವಿನ್ 2007ರಲ್ಲಿ, ಬ್ರಾಂಡನ್ ವೀಡನ್ 2012ರಲ್ಲಿ, ಜಾನಿ ಮ್ಯಾನ್‌ಝೀಲ್ 2014ರಲ್ಲಿ, ಮೂವರೂ 22ನೇ ಆಯ್ಕೆ. ಮೂವರೂ ನಿಲ್ಲಲಿಲ್ಲ. ವೀಡನ್ ಬೇಸ್‌ಬಾಲ್‌ನಲ್ಲಿ ಕೆಲವು ವರ್ಷ ಕಳೆದು ಬಂದವರು, ಆಗಲೇ 28 ದಾಟಿದ್ದರು. ಮೊದಲ ಪಂದ್ಯಕ್ಕೆ ಮುನ್ನ ಮೈದಾನದ ತುಂಬ ಬಿಚ್ಚಿದ ದೈತ್ಯ ರಾಷ್ಟ್ರಧ್ವಜದ ಅಡಿಯಲ್ಲಿ ಸಿಕ್ಕಿಬಿದ್ದು ಬಗ್ಗಿ ಹೊರಬಂದ ಅವರು, ಆಟದಲ್ಲಿ ನಾಲ್ಕು ಸಲ ಚೆಂಡನ್ನು ಎದುರಾಳಿಗಳ ಕೈಗಿಟ್ಟರು. ಎರಡು ವರ್ಷದ ನಂತರ ಕ್ಲೀವ್‌ಲ್ಯಾಂಡ್‌ನವರೇ ಆದ ಬ್ರಯಾನ್ ಹೋಯರ್ ತಂಡವನ್ನು 7-4ಕ್ಕೆ, ಅಂದರೆ ಏಳು ಗೆಲುವು ನಾಲ್ಕು ಸೋಲಿಗೆ, ತಂದು ನಿಲ್ಲಿಸಿದ್ದರು. ಗ್ಯಾಲರಿ ಮ್ಯಾನ್‌ಝೀಲ್ ಬೇಕೆಂದು ಕೂಗಿತು. ಮ್ಯಾನ್‌ಝೀಲ್ ಇಳಿದರು. ಫಲಿತಾಂಶ 30-0, ಎದುರಾಳಿಗಳ ಪರ.

ಇಷ್ಟರಲ್ಲಿ ಲೀಗ್‌ನ ಲೆಕ್ಕಾಚಾರವೇ ಬದಲಾಗಿತ್ತು. 2010ರಲ್ಲಿ ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್ ಅವರ ಒಪ್ಪಂದ ಆರು ವರ್ಷಕ್ಕೆ 7.8 ಕೋಟಿ ಡಾಲರ್. ಮರುವರ್ಷ ಹೊಸಬರ ಸಂಬಳಕ್ಕೆ ಮಿತಿ ಬಂತು. ಮೊದಲ ಆಯ್ಕೆಯಾದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಪ್ರತಿ ತಂಡದ ಒಟ್ಟು ಸಂಬಳಕ್ಕೂ ಮಿತಿ ಇರುವುದರಿಂದ, ಅಗ್ಗದ ಹುಡುಗನೊಬ್ಬ ಚೆನ್ನಾಗಿ ಆಡಿದರೆ ಉಳಿದ ಹಣದಲ್ಲಿ ಸುತ್ತಲೂ ಬಲಿಷ್ಠರನ್ನು ತುಂಬಬಹುದು. ಬೇಕೆಂದೇ ಸೋಲುವುದು ಅವಮಾನವೆನ್ನುತ್ತಿದ್ದ ಅಭಿಮಾನಿಗಳೂ ಅದನ್ನು ಯೋಜನೆ ಎಂದು ಕರೆಯಲು ಶುರು ಮಾಡಿದ್ದು ಇಲ್ಲಿಂದ.

ಬ್ರೌನ್ಸ್ ಆ ಯೋಜನೆಯನ್ನು ತುದಿಯವರೆಗೆ ಎಳೆಯಿತು. 2016ರಲ್ಲಿ ಆಡಳಿತ ಸಾಶಿ ಬ್ರೌನ್ ಕೈಗೆ ಬಂತು. ಬೇಸ್‌ಬಾಲ್‌ನಲ್ಲಿ ಅಂಕಿಅಂಶದ ಕ್ರಾಂತಿಗೆ ಹೆಸರಾದ ಪಾಲ್ ಡಿಪೊಡೆಸ್ಟಾ ಜೊತೆಗೂಡಿದರು. ಅವರ ತರ್ಕ ಸರಳ: ಯಾವ ಹುಡುಗ ಗೆಲ್ಲುತ್ತಾನೆಂದು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಹೆಚ್ಚು ಆಯ್ಕೆಗಳನ್ನು ಕೂಡಿಹಾಕಿ. 2016ರ ಎರಡನೇ ಆಯ್ಕೆಯನ್ನು ಫಿಲಡೆಲ್ಫಿಯಾಕ್ಕೆ ಬಿಟ್ಟರು, ಅವರು ಕಾರ್ಸನ್ ವೆಂಟ್ಜ್ ಅವರನ್ನು ತೆಗೆದುಕೊಂಡರು. 2017ರಲ್ಲಿ 12ನೇ ಆಯ್ಕೆಯನ್ನು ಹ್ಯೂಸ್ಟನ್‌ಗೆ ಬಿಟ್ಟರು, ಅವರು ತೆಗೆದುಕೊಂಡದ್ದು ಡೆಶಾನ್ ವಾಟ್ಸನ್ ಅವರನ್ನು. ಈ ಹೆಸರು ನೆನಪಿರಲಿ. ಕೂಡಿಹಾಕಿದ್ದು ವ್ಯರ್ಥವಾಗಲಿಲ್ಲ: ಮುಂದೆ ತಂಡದ ತಾರೆಗಳಾದ ಡೆನ್ಜೆಲ್ ವಾರ್ಡ್, ನಿಕ್ ಚಬ್ ಬಂದದ್ದು ಹ್ಯೂಸ್ಟನ್ ಕೊಟ್ಟ ಆಯ್ಕೆಗಳಿಂದಲೇ. ಆದರೆ ಮೈದಾನದಲ್ಲಿ ನಿಲ್ಲಲು ಯಾರೂ ಇರಲಿಲ್ಲ. 2016ರಲ್ಲಿ ಒಂದು ಗೆಲುವು, 2017ರಲ್ಲಿ ಸೊನ್ನೆ. ಎರಡನೇ ಸುತ್ತಿನ ಹುಡುಗ ಡೆಶೋನ್ ಕೈಜರ್ ಹದಿನೈದು ಪಂದ್ಯ ಆರಂಭಿಸಿ ಹದಿನೈದೂ ಸೋತರು. ಆ ಅಕ್ಟೋಬರ್ ಕೊನೆಯ ದಿನ ಸಿನ್ಸಿನಾಟಿಯಿಂದ ಎ.ಜೆ. ಮೆಕ್ಯಾರನ್ ಅವರನ್ನು ತರುವ ಒಪ್ಪಂದ ಕುದುರಿತ್ತು. ಗಡುವಿನೊಳಗೆ ಲೀಗ್ ಕಚೇರಿಗೆ ಕಾಗದ ತಲುಪದೆ ಬಿದ್ದುಹೋಯಿತು.

2018ರ ಜನವರಿ 6ರಂದು ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಕ್ರೀಡಾಂಗಣವನ್ನು ಸುತ್ತುತ್ತ ಮೆರವಣಿಗೆ ಹೋದರು. ಹದಿನಾರಕ್ಕೆ ಹದಿನಾರೂ ಸೋತ ‘ಪರಿಪೂರ್ಣ’ ಋತುವಿಗೆ ಸಂಭ್ರಮಾಚರಣೆ. ಸಾಗಿದ ದಾರಿಯೂ ಸೊನ್ನೆಯ ಆಕಾರ. ಕೂಡಿದ ಹಣ, ದಿನಸಿ ಹಸಿದವರಿಗೆ ಅನ್ನ ಕೊಡುವ ಸಂಸ್ಥೆಗೆ ಹೋಯಿತು.

ಆ ಸೊನ್ನೆಯ ಪ್ರತಿಫಲ ಬೇಕರ್ ಮೇಫೀಲ್ಡ್, 2018ರ ಮೊದಲ ಆಯ್ಕೆ. ಸೆಪ್ಟೆಂಬರ್ 20ರ ರಾತ್ರಿ ನ್ಯೂಯಾರ್ಕ್ ಜೆಟ್ಸ್ ವಿರುದ್ಧ ಪಂದ್ಯದ ನಡುವೆ ಇಳಿದು 21-17ರಲ್ಲಿ ಗೆಲ್ಲಿಸಿದರು. 635 ದಿನಗಳ ನಂತರದ ಗೆಲುವು. ಬೀರು ಕಂಪನಿಯೊಂದು ಮೊದಲ ಗೆಲುವಿಗೆಂದು ಬೀಗ ಹಾಕಿಟ್ಟಿದ್ದ ಫ್ರಿಜ್‌ಗಳು ಊರಿನಲ್ಲೆಲ್ಲ ತೆರೆದುಕೊಂಡವು. ಅದೇ ಡ್ರಾಫ್ಟ್‌ನಲ್ಲಿ, ಮುಂದೆ ಬೇರೆ ತಂಡಗಳಲ್ಲಿ ಮಿಂಚಿದ ಕ್ವಾರ್ಟರ್‌ಬ್ಯಾಕ್‌ಗಳಾದ ಜಾಶ್ ಆಲೆನ್, ಲಾಮಾರ್ ಜಾಕ್ಸನ್ ಇದ್ದರಲ್ಲ ಎಂದು ಇವತ್ತಿಗೂ ಕೊರಗುವವರಿದ್ದಾರೆ. ಹಾಗೆ ಕೊರಗುವವರು ಒಂದು ಸಂಗತಿ ಮರೆಯುತ್ತಾರೆ: ಮೇಫೀಲ್ಡ್ ಮೊದಲ ಮೂರು ವರ್ಷದಲ್ಲಿ ನಾಲ್ವರು ಮುಖ್ಯ ಕೋಚ್‌ಗಳನ್ನು ಕಂಡರು. ಆಲೆನ್‌ಗೂ ಜಾಕ್ಸನ್‌ಗೂ ಅಂಥ ಗತಿ ಬರಲಿಲ್ಲ.

2020ರಲ್ಲಿ ಮುಖ್ಯ ಕೋಚ್ ಆಗಿ ಕೆವಿನ್ ಸ್ಟೆಫಾನ್‌ಸ್ಕಿ ಬಂದರು. ಅದಕ್ಕಿಂತ ಮುಖ್ಯವಾಗಿ ಸಾಲು ಬಂತು: ಜ್ಯಾಕ್ ಕಾಂಕ್ಲಿನ್ ಅವರನ್ನು ಕೊಂಡರು, ಹತ್ತನೇ ಆಯ್ಕೆಯಲ್ಲಿ ಜೆಡ್ರಿಕ್ ವಿಲ್ಸ್ ಬಂದರು, ಸಾಲಿಗೆ ಪಾಠ ಹೇಳಲು ಬಿಲ್ ಕ್ಯಾಲಹನ್. ಅದೇ ಮೇಫೀಲ್ಡ್ 11-5ರ ಋತು ಆಡಿ, ಪ್ಲೇಆಫ್‌ನಲ್ಲಿ ಪಿಟ್ಸ್‌ಬರ್ಗನ್ನು ಅದರದೇ ಅಂಗಳದಲ್ಲಿ 48-37ರಲ್ಲಿ ಮಣಿಸಿದರು. ನನ್ನ ಮಟ್ಟಿಗೆ ಇಡೀ ವಾದದ ತಿರುಳು ಈ ಒಂದು ವರ್ಷದಲ್ಲಿದೆ. ಬದಲಾದದ್ದು ಕ್ವಾರ್ಟರ್‌ಬ್ಯಾಕ್ ಅಲ್ಲ, ಅವನ ಸುತ್ತಲಿನದು.

ತಂಡ ಅದನ್ನು ಹಾಗೆ ಓದಲಿಲ್ಲ. 2021ರಲ್ಲಿ ಮೇಫೀಲ್ಡ್ ಎಡಭುಜದ ಗಾಯದೊಂದಿಗೆ ಆಡಿ ಕಳಪೆಯಾದರು. 2022ರ ಮಾರ್ಚ್‌ನಲ್ಲಿ ಬ್ರೌನ್ಸ್ ಐದು ವರ್ಷದ ಹಿಂದೆ ಬೇಡವೆಂದಿದ್ದ ವಾಟ್ಸನ್ ಅವರನ್ನೇ ತಂದಿತು. ಬೆಲೆ: ಮೂರು ಮೊದಲ ಸುತ್ತಿನ ಆಯ್ಕೆ, ಮೇಲೆ ಇನ್ನಷ್ಟು, ಜೊತೆಗೆ ಐದು ವರ್ಷಕ್ಕೆ 23 ಕೋಟಿ ಡಾಲರ್, ಪೂರ್ತಿ ಖಾತರಿ. ಇಪ್ಪತ್ತಕ್ಕೂ ಹೆಚ್ಚು ಮಹಿಳೆಯರು ಅವರ ಮೇಲೆ ಲೈಂಗಿಕ ದುರ್ವರ್ತನೆಯ ಮೊಕದ್ದಮೆ ಹೂಡಿದ್ದರು. ವಾಟ್ಸನ್ ನಿರಾಕರಿಸಿದರು, ಟೆಕ್ಸಸ್‌ನ ಗ್ರ್ಯಾಂಡ್ ಜ್ಯೂರಿಗಳು ದೋಷಾರೋಪ ಹೊರಿಸಲಿಲ್ಲ, ಬಹುತೇಕ ದಾವೆಗಳು ರಾಜಿಯಲ್ಲಿ ಮುಗಿದವು. ಲೀಗ್ 11 ಪಂದ್ಯಗಳ ನಿಷೇಧ ಮತ್ತು 50 ಲಕ್ಷ ಡಾಲರ್ ದಂಡ ವಿಧಿಸಿತು. ಇಲ್ಲಿ ಅಭಿಮಾನಿಗಳ ಜಗಳ ಆಟದ ಗೆರೆ ದಾಟಿತು. ಕೆಲವರು ಋತುವಿನ ಟಿಕೆಟ್ ಬಿಟ್ಟರು. ಅತ್ಯಾಚಾರ ಸಂತ್ರಸ್ತರಿಗೆ ನೆರವಾಗುವ ನಗರದ ಕೇಂದ್ರಕ್ಕೆ ದೇಣಿಗೆಗಳ ಮಹಾಪೂರವೇ ಬಂತು. ವಾಟ್ಸನ್ ಮೂರು ಋತುಗಳಲ್ಲಿ ಆಡಿದ್ದು 19 ಪಂದ್ಯ, ಆಮೇಲೆ ಹಿಮ್ಮಡಿಯ ಸ್ನಾಯುರಜ್ಜು ಎರಡು ಬಾರಿ ಹರಿಯಿತು. ಮೇಫೀಲ್ಡ್ ಟ್ಯಾಂಪಾಕ್ಕೆ ಹೋಗಿ 2023ರಲ್ಲಿ ವಿಭಾಗವನ್ನೇ ಗೆದ್ದರು. 2025ರ ಮಾರ್ಚ್‌ನಲ್ಲಿ ಮಾಲೀಕ ಜಿಮ್ಮಿ ಹ್ಯಾಸ್ಲಂ ತಾವು ದೊಡ್ಡ ಹೊಡೆತಕ್ಕೆ ಕೈ ಬೀಸಿ ಗುರಿ ತಪ್ಪಿದೆವು ಎಂದು ಬಹಿರಂಗವಾಗಿ ಒಪ್ಪಿಕೊಂಡರು.

ನಡುವೆ 2023ರ ನವೆಂಬರ್‌ನಲ್ಲಿ, ಯಾವ ತಂಡಕ್ಕೂ ಬೇಡವಾಗಿ ಮನೆಯಲ್ಲಿದ್ದ 38 ವರ್ಷದ ಜೋ ಫ್ಲಾಕೋ ಬಂದು, ಸತತ ನಾಲ್ಕು ಪಂದ್ಯಗಳಲ್ಲಿ ಮುನ್ನೂರಕ್ಕೂ ಹೆಚ್ಚು ಗಜ ಎಸೆದು ತಂಡವನ್ನು ಪ್ಲೇಆಫ್‌ಗೆ ಒಯ್ದರು. ಮೂರು ಮೊದಲ ಸುತ್ತಿನ ಆಯ್ಕೆ ತೆತ್ತು ಸಿಗದ್ದು ಹೆಚ್ಚುಕಡಿಮೆ ಬಿಟ್ಟಿಯಾಗಿ ಸಿಕ್ಕಿತು. ಋತು ಮುಗಿದ ಮೇಲೆ ಅವರನ್ನು ಉಳಿಸಿಕೊಳ್ಳಲಿಲ್ಲ. ಮರುವರ್ಷ 3-14.

2025ರ ಡ್ರಾಫ್ಟ್‌ನಲ್ಲಿ ಎರಡನೇ ಆಯ್ಕೆ ಕೈಯಲ್ಲಿತ್ತು. ಅದನ್ನು ಜ್ಯಾಕ್ಸನ್‌ವಿಲ್‌ಗೆ ಬಿಟ್ಟು, ಐದನೇ ಆಯ್ಕೆಯ ಜೊತೆಗೆ 2026ರ ಮೊದಲ ಸುತ್ತಿನ ಆಯ್ಕೆಯನ್ನೂ ಪಡೆದರು. ಆಮೇಲೆ ಮೂರನೇ ಸುತ್ತಿನಲ್ಲಿ ಡಿಲನ್ ಗೇಬ್ರಿಯಲ್, ಐದನೇ ಸುತ್ತಿನಲ್ಲಿ 144ನೆಯವರಾಗಿ ಶಡೂರ್ ಸ್ಯಾಂಡರ್ಸ್. ಮೊದಲ ಸುತ್ತಿನಲ್ಲೇ ಹೋಗಬಹುದೆಂದು ಎಲ್ಲರೂ ಮಾತಾಡುತ್ತಿದ್ದ ಸ್ಯಾಂಡರ್ಸ್ ಅಲ್ಲಿಯವರೆಗೆ ಜಾರಿದ್ದು ದೇಶವ್ಯಾಪಿ ಸುದ್ದಿ. ಮರಳಿ ಬಂದಿದ್ದ ಫ್ಲಾಕೋ ಋತು ಆರಂಭಿಸಿದರು, ಅಕ್ಟೋಬರ್‌ನಲ್ಲಿ ಅವರನ್ನು ಸಿನ್ಸಿನಾಟಿಗೆ ಕಳಿಸಿದರು, ಗೇಬ್ರಿಯಲ್ ಆಡಿದರು, ಗಾಯಗೊಂಡರು. ನವೆಂಬರ್‌ನಲ್ಲಿ ಸ್ಯಾಂಡರ್ಸ್ 1999ರ ನಂತರದ 42ನೇ ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಲಾಸ್ ವೇಗಸ್‌ನಲ್ಲಿ ಇಳಿದು ಗೆದ್ದರು. ಬ್ರೌನ್ಸ್‌ನ ಮೊದಲ ವರ್ಷದ ಕ್ವಾರ್ಟರ್‌ಬ್ಯಾಕ್ ಒಬ್ಬ ತಾನು ಆರಂಭಿಸಿದ ಮೊದಲ ಪಂದ್ಯ ಗೆದ್ದದ್ದು 1995ರ ನಂತರ ಅದೇ ಮೊದಲು. ಇವನೇ ಸಾಕು ಎಂದವರಿಗೂ, 2026ರ ಎರಡು ಮೊದಲ ಸುತ್ತಿನ ಆಯ್ಕೆಗಳಲ್ಲಿ ಒಂದನ್ನು ಮತ್ತೊಬ್ಬ ಹುಡುಗನಿಗೆ ಸುರಿಯಿರಿ ಎಂದವರಿಗೂ ವಾದ ಹೊತ್ತಿಕೊಂಡಿತು.

ಸಾಲು ಮೊದಲು ಎನ್ನುವ ಮೂರನೇ ಪಕ್ಷಕ್ಕೂ ಉತ್ತರಿಸಲಾಗದ ಪ್ರಶ್ನೆಯೊಂದಿದೆ: ಜೋ ಥಾಮಸ್. ಬ್ರೇಡಿ ಕ್ವಿನ್ ಬಂದ 2007ರ ಡ್ರಾಫ್ಟ್‌ನಲ್ಲೇ ಮೂರನೇ ಆಯ್ಕೆಯಾಗಿ ಬಂದವರು. ಸತತ 10,363 ನಡೆಗಳಲ್ಲಿ ಒಂದನ್ನೂ ತಪ್ಪಿಸದೆ ಸಾಲಿನ ಎಡತುದಿ ಕಾದವರು. 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದವರು. ಪ್ಲೇಆಫ್‌ನ ಒಂದೇ ಒಂದು ಪಂದ್ಯ ಅವರಿಗೆ ಸಿಗಲಿಲ್ಲ. ಒಂದು ಕಂಬ ಗಟ್ಟಿಯಾದರೆ ಸಾಲದು, ಐದೂ ಬೇಕು ಎನ್ನುತ್ತಾರೆ ಆ ಪಕ್ಷದವರು, ಬೆರಳು ತೋರಿಸುವುದು ಜೋಯೆಲ್ ಬಿಟೋನಿಯೋ ಕಡೆಗೆ. ಮ್ಯಾನ್‌ಝೀಲ್ ಬಂದ 2014ರ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಬಂದ ಬಿಟೋನಿಯೋ, ಹೋಯರ್‌ನಿಂದ ಹಿಡಿದು ಸ್ಯಾಂಡರ್ಸ್‌ವರೆಗಿನವರ ಮುಂದೆ ನಿಂತು 2025ರ ಅಕ್ಟೋಬರ್‌ನಲ್ಲಿ 34 ತುಂಬಿಸಿದರು. ಅವರ ಜಾಗಕ್ಕೆ ಯಾರು ಎಂಬ ಪ್ರಶ್ನೆಗೆ ಕ್ಲೀವ್‌ಲ್ಯಾಂಡ್‌ನಲ್ಲಿ ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ.