ಸುಮ್ನೆ ಮಾತಾಡ್ತಾ ಕೂರೋದಕ್ಕೆ ಎರಡು ವರ್ಷದ ಓದು ಯಾಕೆ?

ಅಡ್ಮಿಶನ್ ಶುರುವಾಗುವ ಹೊತ್ತಿಗೆ ನನಗೆ ಬರುವ ಫೋನುಗಳಲ್ಲಿ ಅಪ್ಪಂದಿರದ್ದೇ ಜಾಸ್ತಿ. "ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ ಮೇಡಂ. ಎಂ.ಎಸ್ಸಿ.ಗೆ ಸೈಕಿಯಾಟ್ರಿಕ್ ನರ್ಸಿಂಗೇ, ಅಂದ್ರೆ ಮಾನಸಿಕ ರೋಗಿಗಳ ನರ್ಸಿಂಗೇ ಬೇಕು ಅಂತ ಹಟ ಹಿಡಿದಿದ್ದಾಳೆ. ಅದರಲ್ಲಿ ಓದೋಕೆ ಏನಿದೆ? ಪೇಷೆಂಟ್ ಜೊತೆ ಸುಮ್ನೆ ಮಾತಾಡ್ತಾ ಕೂರೋದು ತಾನೆ?"

ಹೌದು, ಮಾತಾಡುತ್ತಾ ಕೂರುವುದೇ. ಆದರೆ ಎರಡು ವರ್ಷ ಓದಿದರೂ ಅದು ಪೂರ್ತಿ ಕೈಗೆ ಹತ್ತುವುದಿಲ್ಲ.

ನಮ್ಮ ವಿದ್ಯಾರ್ಥಿಗಳು ವಾರ್ಡಿಗೆ ಹೋದ ಮೊದಲ ವಾರದಿಂದಲೇ ಪ್ರೋಸೆಸ್ ರೆಕಾರ್ಡಿಂಗ್ ಬರೆಯಬೇಕು. ಒಬ್ಬ ರೋಗಿಯ ಜೊತೆ ಅರ್ಧ ಗಂಟೆ ಕೂತು ಬರುತ್ತಾರೆ. ಆಮೇಲೆ ಅವರು ಏನಂದರು, ತಾವು ಏನಂದೆವು, ಆಗ ಅವರ ಮುಖ ಹೇಗಿತ್ತು, ತಮಗೆ ಒಳಗೆ ಏನನ್ನಿಸಿತು, ಎಲ್ಲವನ್ನೂ ನೆನಪಿನಿಂದ ಬರೆಯುತ್ತಾರೆ. ರೋಗಿಯ ಹೆಸರು ಬರೆಯುವಂತಿಲ್ಲ. ಆಡಿದ ಮಾತು ಮಾತ್ರ ಆಡಿದ ಹಾಗೇ ಇರಬೇಕು.

ಒಬ್ಬ ವಿದ್ಯಾರ್ಥಿನಿಯ ಮೊದಲ ಪುಟ ನನಗೆ ಈಗಲೂ ನೆನಪಿದೆ. ಗಂಡ ತೀರಿಕೊಂಡ ಮೇಲೆ ಊಟ, ನಿದ್ದೆ ಬಿಟ್ಟಿದ್ದ ಒಬ್ಬ ತಾಯಿ. "ಯಾಕಾದ್ರೂ ಬದುಕಿದೀನೋ ಅನ್ನಿಸ್ತದೆ ಮಗಳೇ" ಅಂದಿದ್ದರು. ಇವಳ ಉತ್ತರ: "ಹಾಗೆಲ್ಲ ಅನ್ನಬೇಡಿ ಅಮ್ಮ, ದೇವರಿದ್ದಾನೆ, ಎಲ್ಲ ಸರಿಹೋಗುತ್ತೆ." ಅದರ ಕೆಳಗಿನ ಸಾಲು: "ಪೇಷೆಂಟ್ ಗೋಡೆ ಕಡೆ ತಿರುಗಿ ಮಲಗಿದರು."

ಅವಳು ಅಂದದ್ದರಲ್ಲಿ ಕೆಟ್ಟದ್ದೇನಿದೆ? ಮನೆಯಲ್ಲಿ ನಾವೆಲ್ಲ ಹೇಳುವುದೂ ಅದನ್ನೇ ಅಲ್ವಾ? ಆದರೆ ಆ ತಾಯಿಗೆ ಅದು ಬಾಗಿಲು ಹಾಕಿದ ಹಾಗೆ ಕೇಳಿಸಿತು. ಇಂಥ ಸಮಾಧಾನದಿಂದ ಹೇಳಿದವರ ಭಯ ಇಳಿಯುತ್ತದೆ, ಕೇಳಿದವರದ್ದು ಹಾಗೇ ಉಳಿಯುತ್ತದೆ. ಅಲ್ಲಿ ನೇರವಾಗಿ ಕೇಳಬೇಕಿತ್ತು: "ಸಾಯಬೇಕು ಅಂತ ಯೋಚನೆ ಬರುತ್ತಾ ಅಮ್ಮ?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅಂತ ಹೊಸಬರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಯಾರಾದರೂ ಕೇಳಿದರಲ್ಲ ಅಂತ ಎಷ್ಟೋ ಜನ ಅತ್ತುಬಿಡುತ್ತಾರೆ. "ಹೌದು" ಅಂದರೆ ಅವರನ್ನು ಒಬ್ಬರೇ ಬಿಡಬಾರದು. ಆ ಕ್ಷಣವೇ ಡಾಕ್ಟರಿಗೆ ತಿಳಿಸಬೇಕು.

ಮರುದಿನ ಅವಳನ್ನು ಮತ್ತೆ ಅದೇ ಹಾಸಿಗೆಯ ಹತ್ತಿರ ಕಳಿಸಿದೆ. ಈ ಸಲ ನಾನೂ ಪಕ್ಕದಲ್ಲಿ ಕೂತಿದ್ದೆ. ಮೂರನೇ ದಿನದ ಪುಟದಲ್ಲಿ ಒಂದು ಸಾಲಿತ್ತು: "ಮೌನ, ಸುಮಾರು 4 ನಿಮಿಷ. ನಾನು ಏನೂ ಹೇಳಲಿಲ್ಲ." ಆ ಸಾಲಿನ ಕೆಳಗೆ ಆ ತಾಯಿ ತಮ್ಮ ಗಂಡನ ಬಗ್ಗೆ ಮಾತಾಡಿದ್ದು ಒಂದೂವರೆ ಪುಟ ಇತ್ತು.

ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲೌ 1952ರಲ್ಲೇ ಇದನ್ನು ಬರೆದರು. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಆರೈಕೆಯ ದೊಡ್ಡ ಭಾಗ ಅನ್ನುವುದು ಅವರ ಮಾತು. ಪರೀಕ್ಷೆಗೆ ಎಲ್ಲರೂ ಆ ಸಂಬಂಧದ ನಾಲ್ಕು ಹಂತ ಬಾಯಿಪಾಠ ಮಾಡುತ್ತಾರೆ. ಅದು ನಿಜವಾಗಿ ಅರ್ಥವಾಗುವುದು ಆ ನಾಲ್ಕು ನಿಮಿಷ ಬಾಯಿ ಮುಚ್ಚಿ ಕೂತಾಗ.

ಇನ್ನೊಂದು ಕಷ್ಟ ಭಾಷೆಯದ್ದು. ನಮ್ಮ ಪಠ್ಯಪುಸ್ತಕಗಳೆಲ್ಲ ಇಂಗ್ಲಿಷಿನವು, ವಾರ್ಡಿಗೆ ಬರುವವರು ಕನ್ನಡದವರು. "ಡಿಪ್ರೆಶನ್" ಅಂತ ಹೇಳಿಕೊಂಡು ಹಳ್ಳಿಯಿಂದ ಯಾರೂ ಬರುವುದಿಲ್ಲ. "ಎದೆ ಮೇಲೆ ಕಲ್ಲಿಟ್ಟ ಹಾಗಿದೆ", "ಮೈಯೆಲ್ಲ ಉರಿ", "ಯಾವುದೂ ಬೇಡ ಅನ್ನಿಸ್ತದೆ" ಅಂತಾರೆ. ಮನಸ್ಸಿನ ಸ್ಥಿತಿಯ ಪರೀಕ್ಷೆಯಲ್ಲಿ, ಅಂದರೆ ಎಂ.ಎಸ್.ಇ.ಯಲ್ಲಿ, ಗಾದೆಗೆ ಅರ್ಥ ಕೇಳುತ್ತೇವೆ. ಉರುಳುವ ಕಲ್ಲಿಗೆ ಪಾಚಿ ಕಟ್ಟುವುದಿಲ್ಲ ಅಂತ ಪುಸ್ತಕದ ಗಾದೆಯನ್ನು ತರ್ಜುಮೆ ಮಾಡಿ ಕೇಳಿದರೆ ನಮ್ಮ ರೈತ ಏನು ಹೇಳಬೇಕು? "ಬೆಳ್ಳಗಿರೋದೆಲ್ಲ ಹಾಲಲ್ಲ" ಅಂತ ಕೇಳಿ. "ಕಂಡದ್ದನ್ನೆಲ್ಲ ನಂಬಬಾರದು" ಅಂದರೆ ಯೋಚನೆ ಸರಿಯಿದೆ. "ಸುಣ್ಣದ ನೀರೂ ಬೆಳ್ಳಗಿರುತ್ತೆ" ಅಂತ ಅಲ್ಲಿಗೇ ನಿಲ್ಲಿಸಿದರೆ ಬರೆದುಕೊಳ್ಳಬೇಕು, ಇನ್ನೂ ಒಂದೆರಡು ಕೇಳಿ ನೋಡಬೇಕು.

ಒಮ್ಮೆ ಹೂವಿನ ಅಜ್ಜಿಯೊಬ್ಬರ ಚಾರ್ಟಿನಲ್ಲಿ "ಗಮನ ಕಡಿಮೆ" ಅಂತ ಬರೆದಿತ್ತು. ಗಮನ ಅಳೆಯಲು ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರೆ ಅವರು ಸುಮ್ಮನಾಗಿದ್ದರಂತೆ. ನಾನು ಕೇಳಿದೆ: "ಮಲ್ಲಿಗೆ ಮೊಳಕ್ಕೆ ಮೂವತ್ತು ರೂಪಾಯಿ. ಮೂರೂವರೆ ಮೊಳ ತಗೊಂಡೆ, ಇನ್ನೂರರ ನೋಟು ಕೊಟ್ಟೆ. ಚಿಲ್ಲರೆ ಎಷ್ಟು ಕೊಡ್ತೀರ ಅಜ್ಜಿ?" ನಾನು ಮಾತು ಮುಗಿಸುವಷ್ಟರಲ್ಲಿ "ತೊಂಬತ್ತೈದು" ಅಂದರು. ಆ ಚಾರ್ಟ್ ತಿದ್ದಿದೆವು. ತಪ್ಪಾಗಿ ಬರೆದ ಒಂದು ಸಾಲು ರೋಗಿಯ ಫೈಲಿನಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಮಾತಿನ ಬಗ್ಗೆ ಇಷ್ಟು ಹೇಳಿದೆ ಅಂತ ಔಷಧಿಯ ಓದು ಹಗುರ ಅಂದುಕೊಳ್ಳಬೇಡಿ. ನಾನು ಓದುತ್ತಿದ್ದಾಗ ಏಪ್ರಿಲ್ ಬಿಸಿಲಿನಲ್ಲಿ ನಡೆದದ್ದು ಹೇಳುತ್ತೇನೆ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತಗೊಳ್ಳುತ್ತಿದ್ದ ಒಬ್ಬರಿಗೆ ಎರಡು ದಿನ ಭೇದಿಯಾಗಿತ್ತು. ಕೈ ನಡುಗುತ್ತಿತ್ತು, ನಡೆದರೆ ತೂರಾಡುತ್ತಿದ್ದರು. ನಾನು "ಆತಂಕ ಜಾಸ್ತಿಯಾಗಿದೆ" ಅಂತ ಬರೆದೆ. ರಾತ್ರಿ ಪಾಳಿಗೆ ಬಂದ ಸೀನಿಯರ್ ಸಿಸ್ಟರ್ ಒಂದೇ ನೋಟಕ್ಕೆ ಹಿಡಿದರು, ಮುಂದಿನ ಮಾತ್ರೆ ತಡೆದು ಡಾಕ್ಟರನ್ನು ಕರೆದರು. ರಕ್ತ ಪರೀಕ್ಷೆಗೆ ಕಳಿಸಿದರು. ಲಿಥಿಯಂ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.2 ಮಿಲಿಈಕ್ವಿವಲೆಂಟ್ ಒಳಗೆ ಇರಬೇಕು. 1.5 ದಾಟಿದರೆ ವಿಷದ ಲಕ್ಷಣ ಕಾಣಿಸಿಕೊಳ್ಳಬಹುದು. ಬೆವರು, ಭೇದಿಯಲ್ಲಿ ನೀರು, ಉಪ್ಪು ಹೋದರೆ ಮಟ್ಟ ಏರುತ್ತದೆ. ಇದೆಲ್ಲ ನನ್ನ ನೋಟ್ಸಿನಲ್ಲಿತ್ತು, ಕಣ್ಣಿಗೆ ಬಂದಿರಲಿಲ್ಲ. ಆ ರೋಗಿ ಚೇತರಿಸಿಕೊಂಡರು. ಈಗಲೂ ಬೇಸಿಗೆ ಬಂದರೆ ಲಿಥಿಯಂ ತಗೊಳ್ಳುವವರ ನೀರಿನ ಬಾಟಲಿ ತುಂಬಿದೆಯಾ ಅಂತ ಮೊದಲು ನೋಡುತ್ತೇನೆ. ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಹಾಲೋಪೆರಿಡಾಲ್ ಅನ್ನುವ ಔಷಧಿ ಕೊಟ್ಟ ಮೇಲೆ ಕುತ್ತಿಗೆ ತಿರುಚಿಕೊಂಡು ಕಣ್ಣು ಮೇಲೆ ಸಿಕ್ಕಿಕೊಂಡರೆ ಮನೆಯವರು "ಮೈಮೇಲೆ ಬಂತು" ಅಂತಾರೆ. ಅದು ಔಷಧಿಯ ಅಡ್ಡಪರಿಣಾಮ, ಇಂಜೆಕ್ಷನ್ ಕೊಟ್ಟರೆ ಇಳಿಯುತ್ತದೆ. ಅದನ್ನು ಮೊದಲು ಕಾಣುವವರು ನರ್ಸ್.

ಕಾನೂನೂ ಓದಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ, ಅರಿವಳಿಕೆ ಕೊಡದೆ ಇ.ಸಿ.ಟಿ., ಅಂದರೆ ತಲೆಗೆ ಕರೆಂಟ್ ಹಾಯಿಸುವ ಚಿಕಿತ್ಸೆ, ಮಾಡುವಂತಿಲ್ಲ. ಯಾರಿಗಾದರೂ ಆ ಕ್ಷಣವೇ ಅಪಾಯವಿದ್ದು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಮೈ ಹಿಡಿದು ತಡೆಯಬಹುದು. ಅದಕ್ಕೂ ಮನೋವೈದ್ಯರ ಒಪ್ಪಿಗೆ ಬೇಕು. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ನಿಂತಿರುವವಳು ನರ್ಸ್ ಆದ್ದರಿಂದ ಇದು ಅವಳಿಗೆ ಗೊತ್ತಿರಲೇಬೇಕು.

ಇನ್ನು ದಾರಿ. ಬಿ.ಎಸ್ಸಿ.ಯ ಐದು, ಆರನೇ ಸೆಮಿಸ್ಟರಿನಲ್ಲಿ ಈ ವಿಷಯ ಎಲ್ಲರಿಗೂ ಬರುತ್ತದೆ. ಆಮೇಲೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಅದನ್ನು ಜಿ.ಎನ್.ಎಂ., ಅಂದರೆ ನರ್ಸಿಂಗ್ ಡಿಪ್ಲೊಮಾ, ಮಾಡಿದವರೂ ಓದಬಹುದು. ಎಂ.ಎಸ್ಸಿ. ಎರಡು ವರ್ಷ, ಅದಕ್ಕೆ ಮುಂಚೆ ಒಂದು ವರ್ಷದ ಕೆಲಸದ ಅನುಭವ ಬೇಕು. ಆ ಒಂದು ವರ್ಷ ಜನರಲ್ ವಾರ್ಡಿನಲ್ಲೇ ದುಡಿದರೂ ಒಳ್ಳೆಯದೇ. ಬೆಂಗಳೂರಿನಲ್ಲಿ 1954ರಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿ, 1974ರಲ್ಲಿ ಮಾನಸಿಕ ಆಸ್ಪತ್ರೆಯ ಜೊತೆ ಸೇರಿ ನಿಮ್ಹಾನ್ಸ್ ಆಯಿತು. ಧಾರವಾಡದಲ್ಲಿ ಅದೇ ಥರದ ಸಂಸ್ಥೆ ಡಿಮ್ಹಾನ್ಸ್ ಇದೆ. ಕೆಲಸ ಆಸ್ಪತ್ರೆಯೊಳಗಷ್ಟೇ ಅಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ, 14416ಕ್ಕೆ ಫೋನ್ ಮಾಡಿದರೆ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲೂ ಮನೋರೋಗ ನರ್ಸುಗಳು ಬೇಕು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ತೀವ್ರ ಮಾನಸಿಕ ಕಾಯಿಲೆಯಿದ್ದ ಹತ್ತು ಜನರಲ್ಲಿ ಏಳಕ್ಕಿಂತ ಜಾಸ್ತಿ ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಓದಿ ಬಂದವರಿಗೆ ಕೆಲಸವಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕಾಲೇಜು ನೋಡಲು ಹೋಗುವ ಅಪ್ಪಂದಿರಿಗೆ ನಾನು ಹೇಳುವುದು ಇಷ್ಟು. ಕಟ್ಟಡ ಆಮೇಲೆ ನೋಡಿ. ಸೈಕಿಯಾಟ್ರಿ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ವಾರ, ಟೀಚರ್ ಕೂಡ ವಾರ್ಡಿಗೆ ಬರ್ತಾರಾ ಅಂತ ಕೇಳಿ. ಆಮೇಲೆ ಪ್ರೋಸೆಸ್ ರೆಕಾರ್ಡಿಂಗನ್ನು ಟೀಚರ್ ಹೇಗೆ ತಿದ್ದುತ್ತಾರೆ ಅಂತ ಸೀನಿಯರ್ ಹುಡುಗಿಯರನ್ನು ಮಗಳೇ ವಿಚಾರಿಸಲಿ. ಬರೀ ಸಹಿ, ತಾರೀಕು ಹಾಕಿ ವಾಪಸ್ ಕೊಡ್ತಾರೆ ಅಂದರೆ ಇನ್ನೊಂದು ಕಾಲೇಜು ನೋಡಿ. ಪುಟದ ತುಂಬ ಕೆಂಪು ಶಾಯಿಯಲ್ಲಿ ಪ್ರಶ್ನೆ ಬರೀತಾರೆ, ಮತ್ತೆ ವಾರ್ಡಿಗೆ ಕಳಿಸ್ತಾರೆ ಅಂತ ಗೊಣಗಿದರೆ ಅಲ್ಲೇ ಸೇರಿಸಿ.