ಎಸ್ಸೆಸ್ಸೆಲ್ಸಿ ದಾಟಿದ ಮೇಲೆ ಲಿಪಿಕಾರನನ್ನು ಕೇಳಬೇಕಾದವರು ಯಾರು?

ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಮಂದದೃಷ್ಟಿಯ ಹುಡುಗನೊಬ್ಬ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತಾಗ, ಹೇಳಿದ್ದನ್ನು ಉತ್ತರಪತ್ರಿಕೆಯಲ್ಲಿ ಬರೆದುಕೊಡುವ ಲಿಪಿಕಾರನಿಗಾಗಿ ಅವನಾಗಲಿ ಅವನ ತಂದೆಯಾಗಲಿ ಎಲ್ಲಿಯೂ ಓಡಾಡಿರಲಿಲ್ಲ. ಮುಖ್ಯೋಪಾಧ್ಯಾಯರೇ ವೈದ್ಯಕೀಯ ಪ್ರಮಾಣಪತ್ರದ ನಕಲು ಲಗತ್ತಿಸಿ ಅರ್ಜಿ ಕಳುಹಿಸಿ, ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ಗೊತ್ತುಮಾಡಿದ್ದರು. ಅದೇ ಹುಡುಗ ಪದವಿಗೆಂದು ದಾವಣಗೆರೆಗೆ ಬಂದು, ಮೊದಲ ಸೆಮಿಸ್ಟರ್ ಪರೀಕ್ಷೆಗೆ ವಾರವಿರುವಾಗ, ಪ್ಲಾಸ್ಟಿಕ್ ಕವರಿನಲ್ಲಿ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಹಿಡಿದು ಕಾಲೇಜು ಕಚೇರಿಯ ಕಿಟಕಿಯೆದುರು ನಿಂತಿದ್ದನ್ನು ನಾನು ಕಂಡಿದ್ದೇನೆ. ‘ಇಷ್ಟು ದಿನ ಯಾಕಪ್ಪಾ ಹೇಳಲಿಲ್ಲ?’ ಎಂದರು ಗುಮಾಸ್ತರು. ಹೇಳಬೇಕಾದವನು ತಾನೇ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಗುಮಾಸ್ತರನ್ನು ದೂರಿ ಫಲವಿಲ್ಲ. ಶಾಲೆಯ ಸೌಲಭ್ಯವೂ ಕಾಲೇಜಿನ ಸೌಲಭ್ಯವೂ ಬೇರೆ ಬೇರೆ ದಾರಿಯಲ್ಲಿ ಬೆಳೆದು ಬಂದಿವೆ. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಕೇಂದ್ರದ ಯೋಜನೆ 1974ರಲ್ಲಿ ಆರಂಭವಾಯಿತು. 2001ರ ಸರ್ವ ಶಿಕ್ಷಣ ಅಭಿಯಾನದೊಂದಿಗೆ ಅಂಥ ಮಕ್ಕಳನ್ನು ಹುಡುಕಿ ಗುರುತಿಸುವ ಹೊಣೆ ಶಿಕ್ಷಣ ಇಲಾಖೆಯ ಹೆಗಲೇರಿತು. ಬಿಐಇಆರ್‌ಟಿ ಎಂದು ಎಲ್ಲರೂ ಕರೆಯುವ ಸಂಪನ್ಮೂಲ ಶಿಕ್ಷಕರು ಶಾಲೆಗೆ ಬರಲಾಗದ ಮಗುವಿನ ಮನೆಗೇ ಹೋಗಿ ಕಲಿಸುವುದು ಈ ಹಾದಿಯ ಮುಂದುವರಿಕೆ.

ಕಾಲೇಜಿನಲ್ಲಿ ಕಾನೂನು ಮೊದಲು ನೋಡಿದ್ದು ಸೀಟನ್ನು. ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 3ರಷ್ಟು ಸ್ಥಾನ ಮೀಸಲಿಟ್ಟಿತು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳವರಿಗೆ ಉನ್ನತ ಶಿಕ್ಷಣದಲ್ಲಿ ಅದನ್ನು ಕನಿಷ್ಠ ಶೇ 5ಕ್ಕೆ ಏರಿಸಿತು. ಆದರೆ ಅದೇ ಕಾಯ್ದೆಯ ಉಚಿತ ಶಿಕ್ಷಣದ ಹಕ್ಕು 18ನೇ ವಯಸ್ಸಿಗೆ, ಅಂದರೆ ದ್ವಿತೀಯ ಪಿಯು ಮುಗಿಯುವ ಹೊತ್ತಿಗೆ, ನಿಂತುಬಿಡುತ್ತದೆ. ಪ್ರವೇಶದ ದಿನ ಮೀಸಲಾತಿಯ ಲೆಕ್ಕಕ್ಕೆ ಬಂದ ವಿದ್ಯಾರ್ಥಿ ತರಗತಿಯಲ್ಲಿ ಕುಳಿತ ಮೇಲೆ ಯಾರ ಲೆಕ್ಕದಲ್ಲಿಯೂ ಇರುವುದಿಲ್ಲವೆಂದರೆ ತಪ್ಪಾಗಲಾರದು.

ಲಿಪಿಕಾರನ ಸೌಲಭ್ಯವೂ ಒಮ್ಮೆಲೇ ಎಲ್ಲರಿಗೂ ಸಿಕ್ಕಿದ್ದಲ್ಲ. 1995ರ ಕಾಯ್ದೆ ಅಂಧರು ಮತ್ತು ಮಂದದೃಷ್ಟಿಯವರನ್ನಷ್ಟೇ ಹೆಸರಿಸಿತ್ತು. ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವೆಂಬ ಲೆಕ್ಕ 2013ರ ಕೇಂದ್ರದ ಮಾರ್ಗಸೂಚಿಯಲ್ಲಿ ಬಂದು, 2018ರ ಪರಿಷ್ಕರಣೆಯಲ್ಲಿಯೂ ಉಳಿಯಿತು. ಅಭ್ಯರ್ಥಿಯೇ ಕರೆತರುವ ಲಿಪಿಕಾರ ಅವನಿಗಿಂತ ಒಂದು ಮೆಟ್ಟಿಲು ಕಡಿಮೆ ಓದಿದವನಾಗಿರಬೇಕು ಎಂಬ ಷರತ್ತನ್ನು ಆ ಪರಿಷ್ಕರಣೆ ಹಾಕಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಶೇ 40ರ ಗೆರೆಯನ್ನೇ ನೆಪವಾಗಿಟ್ಟು ಲಿಪಿಕಾರನನ್ನು ನಿರಾಕರಿಸುವಂತಿಲ್ಲವೆಂದಿತು; ಶೇ 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ಕಷ್ಟಪಡುವವರಿಗೆ ಪ್ರತ್ಯೇಕ ಮಾರ್ಗಸೂಚಿ 2022ರ ಆಗಸ್ಟ್‌ನಲ್ಲಿ ಹೊರಬಂತು.

ಹೀಗೆ ನಿಯಮಗಳೇನೋ ಹಿಗ್ಗುತ್ತಲೇ ಬಂದಿವೆ. ಕಡತ ಮಾತ್ರ ವಿದ್ಯಾರ್ಥಿಯ ಜೊತೆ ನಡೆಯುವುದಿಲ್ಲ. ಜಿಲ್ಲೆಯಲ್ಲಿ ಪ್ರೌಢಶಾಲೆ ಶಾಲಾ ಶಿಕ್ಷಣದ ಉಪನಿರ್ದೇಶಕರ (ಡಿಡಿಪಿಐ) ಅಧೀನದಲ್ಲಿದ್ದರೆ ಪಿಯು ಕಾಲೇಜು ಪದವಿಪೂರ್ವ ಶಿಕ್ಷಣದ ಉಪನಿರ್ದೇಶಕರ (ಡಿಡಿಪಿಯು) ಅಧೀನದಲ್ಲಿದೆ. ಸರ್ಕಾರಿ ಪದವಿ ಕಾಲೇಜು ಕಾಲೇಜು ಶಿಕ್ಷಣ ಇಲಾಖೆಯದು, ಪದವಿ ಪರೀಕ್ಷೆ 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯದ್ದು. ಎಸ್ಸೆಸ್ಸೆಲ್ಸಿಗೆ ಒಮ್ಮೆ ಹೋದ ಅರ್ಜಿ ಮೂರು ವರ್ಷದ ಪದವಿಯಲ್ಲಿ ಆರು ಸಲ ಹೋಗಬೇಕು, ಪ್ರತಿ ಸಲವೂ ವಿದ್ಯಾರ್ಥಿಯ ಸಹಿಯಲ್ಲಿ, ಪ್ರಾಂಶುಪಾಲರ ಮೂಲಕ. ನಡುವಿನ ಆಂತರಿಕ ಪರೀಕ್ಷೆಗಳಿಗೆ ಹೆಚ್ಚುವರಿ ಸಮಯ ಬೇಕೆಂದು ಕೇಳುವುದಕ್ಕೆ ಹುಡುಗರೇ ಸಂಕೋಚಪಡುತ್ತಾರೆ.

ಆ ಹುಡುಗ ಈಗ ಅರ್ಜಿಯ ಮಾದರಿಯೊಂದನ್ನು ಮೊಬೈಲಿನಲ್ಲಿಯೇ ಇಟ್ಟುಕೊಂಡಿದ್ದಾನೆ. ದಿನಾಂಕವನ್ನೂ ಸೆಮಿಸ್ಟರಿನ ಸಂಖ್ಯೆಯನ್ನೂ ತಿದ್ದಿದರಾಯಿತು. ಲಿಪಿಕಾರನನ್ನು ಮಾತ್ರ ಹೊಸದಾಗಿ ಹುಡುಕಬೇಕಾಗಿದೆ, ಕಳೆದ ಸಲ ಬರೆದುಕೊಟ್ಟ ಪಿಯು ಹುಡುಗ ಈಗ ತಾನೇ ಪದವಿಗೆ ಸೇರಿದ್ದಾನೆ.